ತೊಗಟೆಯ ಒಗರು ಎಷ್ಟು ಮದ್ದು?

ನಮ್ಮ ಗುಬ್ಬಿ ಕಡೆ ಯಾರಿಗಾದರೂ ಎದೆನೋವು, ಬಿಪಿ ಅಂದ ಕೂಡಲೇ ಇನ್ನೊಬ್ಬರು ಮತ್ತಿ ಚಕ್ಕೆಯ ಮಾತು ಎತ್ತಿಯೇ ಎತ್ತುತ್ತಾರೆ. ಹಾಲಿನಲ್ಲಿ ಕಾಸಬೇಕೋ ನೀರಿನಲ್ಲೋ, ಬರೀ ಹೊಟ್ಟೆಗೋ ಊಟವಾದ ಮೇಲೋ, ಎಲ್ಲಕ್ಕೂ ಅವರ ಹತ್ತಿರ ಉತ್ತರವಿರುತ್ತದೆ. ಒಂದು ಕಾಲಕ್ಕೆ ಅಜ್ಜಿಯರ ಬಾಯಲ್ಲಿದ್ದ ಈ ಮಾತು ಈಗ ಮೊಬೈಲಿನಲ್ಲಿ ಬರುತ್ತಿದೆ. ಬರುವಾಗ ಜೊತೆಗೊಂದು ಪದವನ್ನೂ ಕರೆತಂದಿದೆ: ಆಂಟಿಆಕ್ಸಿಡೆಂಟ್. ತುಮಕೂರಿನ ಮಂಡಿಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಚೀಲದಿಂದ ತೂಗಿ ಕಾಗದದಲ್ಲಿ ಕಟ್ಟಿಕೊಡುವ ಅದೇ ಚಕ್ಕೆ, ಪುಡಿಯಾಗಿ, ಕ್ಯಾಪ್ಸೂಲಾಗಿ ಡಬ್ಬಿ ಸೇರಿದಾಗ ಮೈಮೇಲೆ ಈ ಪದ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರಿರುತ್ತದೆ.

ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಮನೆ ಕಡಬದ ಕಡೆಗೆ, ತೆಂಗು ಅಡಿಕೆ ತೋಟಗಳ ನಡುವೆ. ಕಾಲೇಜಿನಲ್ಲಿ ಆಕ್ಸಿಡೇಷನ್ ಪಾಠ ಮುಗಿಸಿ ಊರಿಗೆ ಬಂದರೆ ಜಗಲಿಯ ಮೇಲೆ ಕೂತವರು ಕೇಳುತ್ತಾರೆ: "ಮೇಡಂ, ಮತ್ತಿ ಚಕ್ಕೆ ಕಷಾಯ ಕುಡುದ್ರೆ ಬಿಪಿ ಮಾತ್ರೆ ಬಿಡಬೋದಾ? ಅದರಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತಲ್ಲ." ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಬಿಡಬಾರದು. ಎರಡನೆಯ ಮಾತು ನಿಜ: ಇದೆ, ಧಾರಾಳವಾಗಿಯೇ ಇದೆ. ಈ ಎರಡೂ ಒಟ್ಟಿಗೆ ಹೇಗೆ ಸರಿ ಎಂಬುದನ್ನು ಜಗಲಿಯ ಮೇಲೆ ಎರಡು ನಿಮಿಷದಲ್ಲಿ ಹೇಳಲಾಗದು. ಅದಕ್ಕೇ ಈ ಬರಹ.

ಮೊದಲು ಮರ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಗುಬ್ಬಿ ತಾಲ್ಲೂಕನ್ನು ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುವ ಶಿಂಷಾ ನಮ್ಮ ಹೊಳೆ. ಇಂಥ ಹೊಳೆ ಹಳ್ಳಗಳ ದಡವೇ ಹೊಳೆಮತ್ತಿಗೆ ಇಷ್ಟದ ಜಾಗ. ಸಂಸ್ಕೃತದಲ್ಲಿ ಅರ್ಜುನ, ಸಸ್ಯಶಾಸ್ತ್ರದಲ್ಲಿ ಟರ್ಮಿನೇಲಿಯಾ ಅರ್ಜುನ. ಇದರ ಮೈ ನುಣುಪು, ಬೂದುಬಿಳುಪು. ಹಳೆಯ ತೊಗಟೆ ತೆಳ್ಳಗೆ ಹಾಳೆ ಹಾಳೆಯಾಗಿ ಉದುರುತ್ತದೆ. ಕಾಯಿಗೆ ಐದು ರೆಕ್ಕೆ. ಗುಡ್ಡದ ಮೇಲಿನ ಕರಿಮತ್ತಿ ಇದರ ದಾಯಾದಿ. ಅದರ ತೊಗಟೆ ಕಪ್ಪಗೆ, ಆಳವಾಗಿ ಚೌಕ ಚೌಕವಾಗಿ ಸೀಳಿರುತ್ತದೆ. ಜನ ಎರಡನ್ನೂ ಮತ್ತಿ ಎಂದೇ ಕರೆಯುವುದರಿಂದ ಕೆತ್ತುವಾಗ ಒಂದರ ಬದಲು ಇನ್ನೊಂದು ಬರುವುದುಂಟು. ಹೃದಯದ ಬೇನೆಗೆಂದು ಹಳೆಯ ವೈದ್ಯಗ್ರಂಥಗಳು ಹೇಳುವುದು ಹೊಳೆಮತ್ತಿಯನ್ನು. ಆಯುರ್ವೇದದವರು ಈ ಬಳಕೆಗೆ ವಾಗ್ಭಟನ ಹೆಸರು ಹೇಳುತ್ತಾರೆ, ಹಾಲಿನಲ್ಲಿ ಕಾಸುವ ಕ್ರಮಕ್ಕೆ 11ನೇ ಶತಮಾನದ ಚಕ್ರದತ್ತನನ್ನು ನೆನೆಯುತ್ತಾರೆ.

ಹೊಳೆಮತ್ತಿಯ ಹಸಿ ಚಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಬೂದಿ ಬಣ್ಣ, ಒಳಗೆ ನಸುಗೆಂಪು. ಕೆತ್ತಿದ ಹೊತ್ತಿಗೆ ತೇವವಾಗಿ ಹೊಳೆಯುವ ಒಳಮೈ ಗಾಳಿ ಸೋಕುತ್ತಾ ಹೋದಂತೆ ಕಂದುತ್ತದೆ, ಒಣಗಿದ ಮೇಲೆ ಗಾಢ ಕಂದಾಗುತ್ತದೆ. ಒಂದು ಚೂರು ಬಾಯಿಗಿಟ್ಟು ಜಗಿದರೆ ನಾಲಿಗೆ ಎಳೆದು ಹಿಡಿದ ಹಾಗೆ ಒಗರು. ಆ ಕಂದುವುದು, ಈ ಒಗರು, ಎರಡರ ಹಿಂದೆಯೂ ಇರುವುದು ಪಾಲಿಫಿನಾಲ್ ಎಂಬ ರಾಸಾಯನಿಕಗಳ ದೊಡ್ಡ ಕುಟುಂಬ. ಟ್ಯಾನಿನ್, ಕ್ಯಾಟೆಚಿನ್, ಫ್ಲೇವನಾಯ್ಡ್ ಎಲ್ಲ ಇದೇ ಮನೆತನದವು. ಬಾಳೆದಿಂಡು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದಲ್ಲ, ಅದೂ ಇವುಗಳ ಕೆಲಸವೇ. ಪಾಲಿಫಿನಾಲ್ ಗಾಳಿಯ ಆಮ್ಲಜನಕದ ಜೊತೆ ತಾನೇ ಕೂಡಿ ಬಣ್ಣ ಬದಲಿಸುತ್ತದೆ. ಹೀಗೆ ಸುಲಭವಾಗಿ ತಾನು ಆಕ್ಸಿಡೇಷನ್‌ಗೆ ಒಡ್ಡಿಕೊಂಡು ಪಕ್ಕದ್ದನ್ನು ಉಳಿಸುವ ವಸ್ತುವೇ ಆಂಟಿಆಕ್ಸಿಡೆಂಟ್.

ಮರಕ್ಕೆ ಇದು ಯಾಕೆ ಬೇಕು? ಎಲೆ ಉದುರಿದರೆ ಚಿಗುರುತ್ತದೆ, ತೊಗಟೆ ಹೋದರೆ ಮರವೇ ಹೋಗುತ್ತದೆ. ನೂರಾರು ವರ್ಷ ಬಿಸಿಲು, ಶಿಲೀಂಧ್ರ, ಗೆದ್ದಲು, ಮೇಯುವ ಪ್ರಾಣಿ ಎಲ್ಲವನ್ನೂ ಒಂದೇ ಕಡೆ ನಿಂತು ತಡೆಯಬೇಕಾದದ್ದು ಈ ಒಂದಿಷ್ಟು ದಪ್ಪದ ಚರ್ಮ. ಅದಕ್ಕೇ ಮರ ತನ್ನ ಒಗರನ್ನೆಲ್ಲ ಅಲ್ಲಿ ತುಂಬಿಡುತ್ತದೆ. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ಸಿಪ್ಪೆ ಮತ್ತು ಕರಿಜಾಲಿಯ ಚಕ್ಕೆಯಿಂದ ಚರ್ಮ ಹದ ಮಾಡುತ್ತಿದ್ದ ಕುಟುಂಬಗಳು ಈ ರಸಾಯನವನ್ನು ಪುಸ್ತಕಕ್ಕಿಂತ ಮೊದಲೇ ಕೈಯಿಂದ ಅರಿತಿದ್ದವು. ಟ್ಯಾನಿನ್ ಪ್ರೋಟೀನನ್ನು ಹಿಡಿದು ಬಿಗಿಯುತ್ತದೆ. ಹಸಿ ಚರ್ಮ ಕೊಳೆಯದ ತೊಗಲಾಗುತ್ತದೆ. ನಾಲಿಗೆ ಒಗರಾಗುವುದೂ ಅದೇ ಕಾರಣಕ್ಕೆ, ಎಂಜಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿಯುತ್ತದೆ. ಅವರ ಜ್ಞಾನಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಆಂಟಿಆಕ್ಸಿಡೆಂಟ್ ಎಂಬ ಪದ ನಮ್ಮ ತಾಲ್ಲೂಕಿಗೆ ಹಲಸಿನ ಬೆನ್ನೇರಿಯೂ ಬಂತು. ಚೇಳೂರಿನ ರೈತರೊಬ್ಬರ ತೋಟದ ಮರದಲ್ಲಿ ತಾಮ್ರಗೆಂಪಿನ ತೊಳೆ ಬಿಡುತ್ತಿತ್ತು. ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಲೈಕೋಪೀನ್ ಮತ್ತು ಕ್ಯಾರೊಟಿನಾಯ್ಡ್ ಹೆಚ್ಚಿರುವುದನ್ನು ಗುರುತಿಸಿ, 'ಸಿದ್ದು' ಎಂಬ ಹೆಸರಿನಲ್ಲಿ ಸಸಿಯಾಗಿಸಿ ಹರಡಿದರು. ಹಲಸು ಹಣ್ಣು, ಹೊಟ್ಟೆ ತುಂಬ ತಿನ್ನುವ ಆಹಾರ. ಅದರ ಕೆಂಪು ತೊಳೆಯಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ ತಿನ್ನುವವರಿಗೆ ಸಂತೋಷ, ಅಷ್ಟೇ. ತೊಗಟೆ ಆಹಾರವಲ್ಲ. ಅದನ್ನು ಮದ್ದೆಂದು ಕುಡಿಯುವಾಗ ಕೇಳಬೇಕಾದ ಪ್ರಶ್ನೆಗಳು ಬೇರೆ.

ಹಾಗಾದರೆ ಈ ಗುಣವನ್ನು ಅಳೆಯುವುದು ಹೇಗೆ? ಫಾರ್ಮಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟಿಗೆ ಹೊಳೆಮತ್ತಿ ಚಕ್ಕೆಯನ್ನೇ ತೆಗೆದುಕೊಂಡಿದ್ದಳು. ಅವಳ ಲ್ಯಾಬಿನಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದನ್ನು ಹೇಳುತ್ತೇನೆ. ಚಕ್ಕೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದಿದ್ದಳು. ಆ ಪುಡಿಯನ್ನು ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿಟ್ಟು ಕೆಳಗಿನಿಂದ ಮೆಥನಾಲ್ ಕುದಿಸುತ್ತಾರೆ. ಆವಿ ಮೇಲೇರಿ, ತಣಿದು, ಹನಿಹನಿಯಾಗಿ ಪುಡಿಯ ಮೇಲೆ ಬಿದ್ದು, ಬಣ್ಣವನ್ನು ಹೀರಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಗಂಟೆಗಟ್ಟಲೆ ಹೀಗೇ ಸುತ್ತುತ್ತದೆ. ಮೊದಲ ಸುತ್ತಿನಲ್ಲಿ ಕಡುಗೆಂಪಾಗಿ ಇಳಿದ ದ್ರವ ಕೊನೆಯ ಸುತ್ತಿಗೆ ಬರೀ ನೀರಿನಂತೆ ಕಾಣುತ್ತದೆ. ಆಗ ಪುಡಿಯ ಸತ್ತ್ವ ಇಳಿಯಿತೆಂದು ಲೆಕ್ಕ. ಮೆಥನಾಲನ್ನು ಆರಿಸಿದರೆ ಗಾಜಿಗೆ ಅಂಟಿಕೊಂಡ ಕಂದು ಹುಡಿ ಉಳಿಯುತ್ತದೆ. ಅದೇ ತೊಗಟೆಯ ಸಾರ.

ಅಳೆಯುವುದಕ್ಕೆ ಡಿಪಿಪಿಎಚ್ ಎಂಬ ಬಣ್ಣದ ವಸ್ತು ಬೇಕು. ಅದನ್ನು ಕರಗಿಸಿದರೆ ಕಡುನೇರಳೆ. ಅದರ ಅಣುವಿನಲ್ಲಿ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇದೆ. ಅಂದರೆ ಅದೊಂದು ಫ್ರೀ ರ‍್ಯಾಡಿಕಲ್. ಸಾಮಾನ್ಯವಾಗಿ ಇಂಥವು ಕ್ಷಣಾರ್ಧದಲ್ಲಿ ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಬಿಡುತ್ತವೆ. ಡಿಪಿಪಿಎಚ್ ಮಾತ್ರ ಬಾಟಲಿಯಲ್ಲಿ ಸುಮ್ಮನೆ ಕೂತಿರಬಲ್ಲದು, ಅದಕ್ಕೇ ಪರೀಕ್ಷೆಗೆ ಅನುಕೂಲ. 1958ರಲ್ಲಿ ಮಾರ್ಸ್‌ಡೆನ್ ಬ್ಲಾಯ್ಸ್ ಈ ವಿಧಾನವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ. ಇಂದಿಗೂ ಫಾರ್ಮಸಿ ಕಾಲೇಜುಗಳಲ್ಲಿ ಮಕ್ಕಳು ಮೊದಲು ಕೈ ಹಾಕುವುದು ಇದಕ್ಕೇ. ವಿದ್ಯಾರ್ಥಿನಿ ಸಾಲಾಗಿ ಇಟ್ಟ ನಳಿಕೆಗಳಿಗೆ ನೇರಳೆ ದ್ರಾವಣ ಸುರಿದು, ಒಂದೊಂದಕ್ಕೂ ತೊಗಟೆಯ ಸಾರವನ್ನು ಒಂದೊಂದು ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಟ್ಟಳು. ಹೊರಗೆ ತೆಗೆದಾಗ ಮೊದಲ ನಳಿಕೆ ನೇರಳೆಯಾಗಿಯೇ ಇತ್ತು, ನಡುವಿನವು ಮಾಸಿದ್ದವು, ಕೊನೆಯವು ತಿಳಿಹಳದಿಗೆ ತಿರುಗಿದ್ದವು. ತೊಗಟೆಯ ಪಾಲಿಫಿನಾಲ್ ತನ್ನ ಒಂದು ಹೈಡ್ರೋಜನ್ ಕೊಟ್ಟು ಆ ಒಂಟಿ ಎಲೆಕ್ಟ್ರಾನಿಗೆ ಜೋಡಿ ಕಟ್ಟಿತ್ತು. ಉಳಿದ ಬಣ್ಣವನ್ನು 517 ನ್ಯಾನೋಮೀಟರ್ ಬೆಳಕಿನಲ್ಲಿ ಯಂತ್ರ ಅಳೆಯುತ್ತದೆ, ಪಕ್ಕದಲ್ಲಿ ಹೋಲಿಕೆಗೆ ವಿಟಮಿನ್ ಸಿ ಇಟ್ಟಿರುತ್ತಾರೆ. ಆ ಹಳದಿಯನ್ನು ಕಣ್ಣಾರೆ ಕಂಡಾಗ ಯಾರಿಗಾದರೂ ತೊಗಟೆಯ ಮೇಲೆ ಗೌರವ ಹುಟ್ಟುತ್ತದೆ. ನನಗೂ ಹುಟ್ಟಿತು, ಈಗಲೂ ಇದೆ.

ಆದರೆ ಆ ನಳಿಕೆಯಿಂದ ನಮ್ಮ ನೆರೆಯವರ ಎದೆಗೆ ಇರುವ ದಾರಿ ಉದ್ದ. ಮೆಥನಾಲ್ ವಿಷ, ಅದರಲ್ಲಿ ಇಳಿಸಿದ ಸಾರವನ್ನು ಯಾರೂ ಕುಡಿಯುವುದಿಲ್ಲ. ಮನೆಯ ಕಷಾಯ ನೀರಿನದು. ಶಾಸ್ತ್ರದ ಲೆಕ್ಕದಲ್ಲಿ ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು ಹಾಕಿ ಎಂಟರಲ್ಲೊಂದು ಪಾಲಿಗೆ ಇಳಿಸುವುದು. ನೀರಿಗೆ ಇಳಿಯುವ ವಸ್ತುಗಳೇ ಬೇರೆ, ಪ್ರಮಾಣವೇ ಬೇರೆ. ಹಾಲಿನಲ್ಲಿ ಕಾಸಿದರೆ ಹಾಲಿನ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ, ಒಗರು ತಗ್ಗುತ್ತದೆ. ಹೊಟ್ಟೆಗೆ ಹೋದ ಮೇಲೂ ದೊಡ್ಡ ಟ್ಯಾನಿನ್ ಅಣುಗಳು ಹಾಗೆ ಹಾಗೇ ರಕ್ತಕ್ಕೆ ಸೇರಲಾರವು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಒಡೆದು ಬೇರೆಯೇ ಚಿಕ್ಕ ಅಣುಗಳನ್ನಾಗಿಸುತ್ತವೆ, ಸೇರುವುದು ಆ ಚೂರುಗಳು. ನೇರಳೆಯನ್ನು ಹಳದಿ ಮಾಡಿದ ಅಣು ಒಂದು, ರಕ್ತದಲ್ಲಿ ಓಡಾಡುವುದು ಇನ್ನೊಂದು. ಜೊತೆಗೆ, ಮೈಯಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳೆಲ್ಲ ಶತ್ರುಗಳೂ ಅಲ್ಲ. ಬಿಳಿ ರಕ್ತಕಣಗಳು ರೋಗಾಣುವನ್ನು ಕೊಲ್ಲಲು ಇಂಥ ವಸ್ತುಗಳನ್ನು ಬೇಕೆಂದೇ ತಯಾರಿಸುತ್ತವೆ.

ಇದನ್ನು ವಿದೇಶದ ಉದಾಹರಣೆಯಿಂದ ಹೇಳುವುದಕ್ಕಿಂತ ಮೊದಲು ನಮ್ಮ ಅಡಿಕೆ ಅಂಗಳಕ್ಕೇ ಬನ್ನಿ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರನ್ನು ಮತ್ತೆ ಮತ್ತೆ ಕುದಿಸಿ ಗಟ್ಟಿ ಮಾಡಿದರೆ ಚೊಗರು. ಬೇಯಿಸಿದ ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದಲೇ. ಚೊಗರು ಅಂದರೆ ಬಹುಪಾಲು ಟ್ಯಾನಿನ್ ಮತ್ತು ಕ್ಯಾಟೆಚಿನ್, ತೊಗಟೆಯಲ್ಲಿರುವ ಅದೇ ಮನೆತನ. ನಳಿಕೆಯ ಪರೀಕ್ಷೆಗೆ ಒಡ್ಡಿದರೆ ಅಡಿಕೆಯ ಸಾರವೂ ಒಳ್ಳೆಯ ಆಂಟಿಆಕ್ಸಿಡೆಂಟ್ ಎನಿಸಿಕೊಳ್ಳುತ್ತದೆ. ಅದೇ ಅಡಿಕೆಯನ್ನು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳಿ. ಸುಣ್ಣದ ಕ್ಷಾರದಲ್ಲಿ ಈ ಪಾಲಿಫಿನಾಲ್‌ಗಳು ತಾವೇ ವೇಗವಾಗಿ ಆಕ್ಸಿಡೇಷನ್‌ಗೆ ಒಳಗಾಗುತ್ತವೆ. ಬಾಯಿ ಕೆಂಪಾಗುವುದು ಅದರ ಗುರುತು. ಆ ಕ್ರಿಯೆಯಲ್ಲಿ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ, ಅಂದರೆ ಯಾವುದನ್ನು ತಡೆಯಬೇಕಿತ್ತೋ ಅದನ್ನೇ ಹುಟ್ಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಆದಾಯದಲ್ಲೇ ಓದಿದವಳು ನಾನು. ಈ ಸಾಲನ್ನು ಬರೆಯುವುದು ನನಗೆ ಹಗುರವಲ್ಲ. ಆದರೆ ಆಂಟಿಆಕ್ಸಿಡೆಂಟ್ ಎಂಬ ಒಂದೇ ಪದವನ್ನು ನಂಬಿ ಮದ್ದು ಆರಿಸಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಲ್ಲ. ವಸ್ತು ಒಂದೇ, ಎಲ್ಲಿ, ಯಾವುದರ ಜೊತೆ, ಎಷ್ಟು ಎಂಬುದರ ಮೇಲೆ ಅದರ ನಡತೆ ತಿರುಗುತ್ತದೆ.

ಹೊರಗಿನ ಜಗತ್ತೂ ಈ ಪಾಠವನ್ನು ಕಷ್ಟಪಟ್ಟೇ ಕಲಿಯಿತು. ಮುಪ್ಪಿಗೆ ಫ್ರೀ ರ‍್ಯಾಡಿಕಲ್‌ಗಳೇ ಕಾರಣವೆಂದು ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಸಿದ್ಧಾಂತ ಕಟ್ಟಿದ ಮೇಲೆ ಆಂಟಿಆಕ್ಸಿಡೆಂಟ್ ಮಾತ್ರೆಗಳ ಮೇಲೆ ದೊಡ್ಡ ಆಸೆ ಬೆಳೆಯಿತು. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಇ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಆಹಾರ ಪದಾರ್ಥಗಳ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸುತ್ತಿತ್ತು. ನಳಿಕೆಯ ಅಂಕಕ್ಕೂ ಮನುಷ್ಯನ ಆರೋಗ್ಯಕ್ಕೂ ನೇರ ನಂಟು ಇಲ್ಲ, ಮಾರುವವರು ಇದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಡಬ್ಬಿಗಳ ಮೇಲೆ ಆಂಟಿಆಕ್ಸಿಡೆಂಟ್ ಎಂಬ ಪದ ಈಗಲೂ ಉಳಿದಿದೆ.

ಇಷ್ಟೆಲ್ಲ ಹೇಳಿ ಹೊಳೆಮತ್ತಿಯನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಬೇರೆ ಎಷ್ಟೋ ಗಿಡಮೂಲಿಕೆಗಳಿಗೆ ಸಿಗದ ಗೌರವ ಇದಕ್ಕೆ ಸಿಕ್ಕಿದೆ: ಮನುಷ್ಯರ ಮೇಲೆ ಕ್ರಮವಾಗಿ ಪರೀಕ್ಷೆ ನಡೆದಿದೆ. ಜೈಪುರದ ಹೃದಯತಜ್ಞ ಡಾ. ರಾಜೀವ್ ಗುಪ್ತಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಹೃದಯದ ರಕ್ತನಾಳದ ಕಾಯಿಲೆ ಇದ್ದ 105 ರೋಗಿಗಳನ್ನು 35ರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮದ್ದಿಲ್ಲದ ಸುಳ್ಳು ಮಾತ್ರೆ, ಇನ್ನೊಂದಕ್ಕೆ ವಿಟಮಿನ್ ಇ, ಮೂರನೆಯದಕ್ಕೆ ದಿನಕ್ಕೆ 500 ಮಿಲಿಗ್ರಾಂ ಅರ್ಜುನ ತೊಗಟೆಯ ಪುಡಿ. 30 ದಿನಗಳ ನಂತರ ರಕ್ತ ತೆಗೆದು ನೋಡಿದರು.

ಅವರು ಅಳೆದದ್ದರಲ್ಲಿ ಲಿಪಿಡ್ ಪೆರಾಕ್ಸೈಡ್ ಮುಖ್ಯ. ಕಡಲೆಕಾಯಿ ಬೀಜ ತುಂಬ ದಿನ ಇಟ್ಟರೆ ಕಮಟು ಹಿಡಿಯುತ್ತದಲ್ಲ, ಅದು ಎಣ್ಣೆ ಗಾಳಿಯ ಜೊತೆ ಸೇರಿ ಕೆಡುವ ಕ್ರಿಯೆ. ರಕ್ತದಲ್ಲಿರುವ ಕೊಬ್ಬೂ ಹೀಗೆ ಕೆಡುತ್ತದೆ, ಕೆಟ್ಟ ಕೊಬ್ಬು ರಕ್ತನಾಳದ ಗೋಡೆಗೆ ಹೆಚ್ಚು ಅಪಾಯಕಾರಿ. ಆ ಕೆಡುವಿಕೆಯ ಗುರುತು ಲಿಪಿಡ್ ಪೆರಾಕ್ಸೈಡ್. ವಿಟಮಿನ್ ಇ ತಗೊಂಡವರಲ್ಲಿ ಅದು ಸರಾಸರಿ ಶೇ. 36ರಷ್ಟು, ಅರ್ಜುನ ತಗೊಂಡವರಲ್ಲಿ ಶೇ. 29ರಷ್ಟು ಇಳಿದಿತ್ತು. ಅರ್ಜುನದ ಗುಂಪಿನಲ್ಲಿ ಮಾತ್ರ ಒಟ್ಟು ಕೊಲೆಸ್ಟರಾಲ್ ಶೇ. 10ರ ಹತ್ತಿರ, ಎಲ್‌ಡಿಎಲ್ ಶೇ. 16ರ ಹತ್ತಿರ ತಗ್ಗಿತ್ತು. ತೊಗಟೆಯ ಗುಣ ನಳಿಕೆ ದಾಟಿ ಮನುಷ್ಯನ ರಕ್ತದಲ್ಲಿ ಕಾಣಿಸಿತು ಎಂದು ಹೇಳಲು ಇದು ಒಳ್ಳೆಯ ಆಧಾರ. ಆದರೂ ಗುಂಪಿಗೆ 35 ಜನ, ಒಂದು ತಿಂಗಳು. ಹೃದಯಾಘಾತ ಕಡಿಮೆಯಾಯಿತೇ, ಆಯುಸ್ಸು ಹೆಚ್ಚಿತೇ ಎಂಬುದನ್ನು ಇಷ್ಟು ಚಿಕ್ಕ ಅಧ್ಯಯನ ಹೇಳಲಾರದು, ಹೇಳುತ್ತೇನೆಂದು ಹೊರಟೂ ಇರಲಿಲ್ಲ.

ಅದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ದೆಹಲಿಯ ಏಮ್ಸ್‌ನಲ್ಲಿ ನಡೆಯಿತು, 2016ರಲ್ಲಿ ಪ್ರಕಟವಾಯಿತು. ಹೃದಯದ ಬಲ ಕುಗ್ಗಿದ 100 ರೋಗಿಗಳು. ಅವರು ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸದೆ, ಅರ್ಧ ಜನರಿಗೆ ತೊಗಟೆಯ ನೀರಿನ ಸಾರವನ್ನು 750 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, 12 ವಾರ. ಯಾರಿಗೆ ಏನು ಕೊಟ್ಟಿದೆ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಹೃದಯ ರಕ್ತ ಒತ್ತುವ ಬಲದಲ್ಲಿ ಬದಲಾವಣೆ ಇರಲಿಲ್ಲ. ಕೆಲವರಲ್ಲಿ ಆಯಾಸ ತಡೆದುಕೊಳ್ಳುವ ಶಕ್ತಿ, ರೋಗಲಕ್ಷಣದ ಬಾಧೆ ಮತ್ತು ರಕ್ತದ ಆಂಟಿಆಕ್ಸಿಡೆಂಟ್ ಸಂಗ್ರಹ ಸುಧಾರಿಸಿತ್ತು. ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡರೆ ನನ್ನ ತೀರ್ಮಾನ ಇದು: ಹೊಳೆಮತ್ತಿ ಒಂದು ಸಹಾಯಕ ಮದ್ದಾಗುವ ಯೋಗ್ಯತೆ ತೋರಿಸಿದೆ, ವೈದ್ಯರು ಬರೆದ ಮಾತ್ರೆಯ ಜಾಗದಲ್ಲಿ ಕೂರುವ ಯೋಗ್ಯತೆಯನ್ನು ತೋರಿಸಿಲ್ಲ. ನಮ್ಮೂರಲ್ಲಿ ಮಾತ್ರೆ ಬಿಟ್ಟು ಬರೀ ಚಕ್ಕೆ ನಂಬಿದವರೊಬ್ಬರು ಪಾರ್ಶ್ವವಾಯು ಹೊಡೆದು ಮಲಗಿದ್ದನ್ನು ನೋಡಿದ್ದೇನೆ. ಅವರು ಕುಡಿದ ಕಷಾಯ ಕೆಡುಕು ಮಾಡಿರಲಿಲ್ಲ, ನಿಲ್ಲಿಸಿದ ಮಾತ್ರೆ ಮಾಡಿತ್ತು.

ಬೇರೆ ಚಕ್ಕೆಗಳ ಮಾತೂ ಸ್ವಲ್ಪ. ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದರ ತೊಗಟೆ ಸೇರಿದರೆ ಪಂಚವಲ್ಕಲ. ಗಾಯ ತೊಳೆಯಲು, ಬಾಯಿ ಮುಕ್ಕಳಿಸಲು ಹೇಳಿದ ಕಷಾಯ ಇದು. ಮೈಮೇಲೆ ಹಚ್ಚುವಾಗ ಕರುಳು, ರಕ್ತ ಎಂಬ ಸುತ್ತುದಾರಿ ಇಲ್ಲ. ಟ್ಯಾನಿನ್ ನೇರವಾಗಿ ಗಾಯದ ಮೇಲಿನ ಪ್ರೋಟೀನನ್ನು ಬಿಗಿದು ಒಣಗಿಸುತ್ತದೆ. ಒಗರಿನ ನಿಜವಾದ ಬಲ ಇರುವುದು ಇಂಥಲ್ಲಿ ಎಂದು ನನಗನ್ನಿಸುತ್ತದೆ. ಅಡುಗೆಮನೆಯ ಚಕ್ಕೆಯೂ ಮರದ ತೊಗಟೆಯೇ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪನೆಯ, ಗಡಸಾದ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು, ಅದರಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು. ಪಲಾವಿಗೆ ಹಾಕುವ ಒಂದು ಚೂರಿನಿಂದ ಏನೂ ಆಗದು. ಸಕ್ಕರೆ ಕಾಯಿಲೆಗೆಂದು ದಿನವೂ ಚಮಚಗಟ್ಟಲೆ ಪುಡಿ ತಿನ್ನುವವರಿಗೆ ಯಕೃತ್ತಿನ ಚಿಂತೆ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್ ಎಂದು ಮಿತಿ ಹಾಕಿದೆ.

ಹೆಣ್ಣುಮಕ್ಕಳಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಟ್ಯಾನಿನ್ ಪ್ರೋಟೀನನ್ನು ಹಿಡಿಯುವ ಹಾಗೆಯೇ ಕಬ್ಬಿಣವನ್ನೂ ಹಿಡಿಯುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು ಉಂಡ ಕೂಡಲೇ ಒಗರು ಕಷಾಯ ಅಥವಾ ಗಟ್ಟಿ ಟೀ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ರಕ್ತಹೀನತೆ ಇದೆ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ಕಷಾಯದ ಜೊತೆ ನುಂಗಬೇಡಿ. ಎರಡರ ನಡುವೆ ಕೆಲವು ಗಂಟೆ ಬಿಡಿ. ಬಸುರಿಯರು ಯಾವ ಚಕ್ಕೆಯನ್ನೂ ವೈದ್ಯರನ್ನು ಕೇಳದೆ ಮುಟ್ಟದಿರುವುದು ಮೇಲು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಹಾಗೆಯೇ.

ಕೊಳ್ಳುವ ಚಕ್ಕೆ ಅದೇ ಮರದ್ದೇ ಎಂಬುದು ಇನ್ನೊಂದು ಚಿಂತೆ. ಅಶೋಕದ ತೊಗಟೆ ಹೆಂಗಸರ ಮುಟ್ಟಿನ ತೊಂದರೆಗೆ ಹೆಸರಾದದ್ದು. ನಿಜವಾದ ಅಶೋಕ ಕಾಡಿನಲ್ಲಿ ಅಪರೂಪವಾಗಿದೆ. ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ಕಂಬದಂತೆ ನಿಂತಿರುವುದು ಪಾಲಿಯಾಲ್ತಿಯಾ ಎಂಬ ಬೇರೆಯೇ ಮರ, ಅದರ ತೊಗಟೆ ಅಶೋಕದ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತದೆಂದು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಭೇದಿಗೆ ಕೊಡುವ ಕೊಡಸಿಗೆಯ ಬದಲು ಹಾಲೆಮರದ ಚಕ್ಕೆ ಸೇರುವುದೂ ಹೀಗೆಯೇ. ಹಾಲೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಒಣಗಿ ಚೂರಾದ ಮೇಲೆ ಕಣ್ಣಿಗೆ ಎಲ್ಲವೂ ಒಂದೇ. ಪುಡಿಯಾದರಂತೂ ಸೂಕ್ಷ್ಮದರ್ಶಕವೋ ರಾಸಾಯನಿಕ ಪರೀಕ್ಷೆಯೋ ಬೇಕು. ಪುಡಿ ಕೊಳ್ಳುವುದಕ್ಕಿಂತ ಇಡೀ ಚಕ್ಕೆ ಕೊಂಡು, ಮರ ಬಲ್ಲವರಿಗೆ ತೋರಿಸುವುದು ಒಳ್ಳೆಯದು.

ಮರ ಬಲ್ಲವರು ಇನ್ನೂ ಇದ್ದಾರೆ. ನಮ್ಮ ಪಕ್ಕದ ಊರಿನಲ್ಲಿ ನಾರುಬೇರಿನ ಮದ್ದು ಕೊಡುವ ಅಜ್ಜ ಒಬ್ಬರಿದ್ದಾರೆ. ಚಕ್ಕೆ ಕೆತ್ತುವ ಮುಂಚೆ ಮರಕ್ಕೆ ಕೈ ಮುಗಿಯುತ್ತಾರೆ. "ಮೂಡಲ ಕಡೆದು ಮಾತ್ರ ತೆಗೀಬೇಕು ಕಣವ್ವ, ಅಂಗೈ ಅಗಲಕ್ಕಿಂತ ಜಾಸ್ತಿ ಕೂಡದು. ಸುತ್ತ ಕೆತ್ತಿದ್ರೆ ಮರದ ಉಸಿರು ಹೋಯ್ತದೆ" ಅನ್ನುತ್ತಾರೆ. ಅವರ ಮಾತಿನಲ್ಲಿ ಸಸ್ಯಶಾಸ್ತ್ರ ಪೂರ್ತಿ ಇದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಬಳೆಯಂತೆ ಕೆತ್ತಿದರೆ ಆ ದಾರಿ ಕಡಿದು ಬೇರು ಉಪವಾಸ ಬೀಳುತ್ತದೆ, ಮರ ಒಣಗುತ್ತದೆ. ಒಂದೇ ದಿಕ್ಕಿನಲ್ಲಿ ಉದ್ದಕ್ಕೆ ಕಿರಿದಾಗಿ ತೆಗೆದು, ಕಟ್ಟಿಗೆಗೆ ಅಂಟಿದ ಒಳಪದರ ಉಳಿಸಿದರೆ ಗಾಯ ಮುಚ್ಚಿಕೊಂಡು ತೊಗಟೆ ಮತ್ತೆ ಬೆಳೆಯುತ್ತದೆ. ಮಾರಾಟಕ್ಕೆಂದು ಬರುವವರಿಗೆ ಈ ನಿಯಮ ಇಲ್ಲ. ಹಳ್ಳದ ದಡದಲ್ಲಿ ಆಳೆತ್ತರದವರೆಗೆ ಸುತ್ತಲೂ ಸುಲಿದುಕೊಂಡು ಬಿಳಿಚಿ ನಿಂತ ಹೊಳೆಮತ್ತಿಯನ್ನು ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಉಳಿಸುವ ಕೆಲಸವೂ ನಮ್ಮ ಪಕ್ಕದಲ್ಲೇ ನಡೆದಿದೆ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಲ್ಲಿ ಶುರುವಾದ ಮೇಲೆ ಅರಣ್ಯ ಇಲಾಖೆಯ ಜೊತೆ ಸೇರಿ ರಾಜ್ಯದ 13 ಕಡೆ ಔಷಧಿ ಸಸ್ಯಗಳನ್ನು ಅವು ಬೆಳೆಯುವ ಕಾಡಿನಲ್ಲೇ ಕಾಪಾಡುವ ನೆಲೆಗಳನ್ನು ಗುರುತಿಸಿತು. ದೇವರಾಯನದುರ್ಗ ಅವುಗಳಲ್ಲೊಂದು. ಅಲ್ಲೇ ನಾಮದ ಚಿಲುಮೆಯಲ್ಲಿ ಅರಣ್ಯ ಇಲಾಖೆಯ ಔಷಧಿ ಸಸ್ಯವನವಿದೆ. ಮಕ್ಕಳನ್ನು ಪ್ರವಾಸಕ್ಕೆಂದು ಎಲ್ಲೆಲ್ಲಿಗೋ ಕರೆದೊಯ್ಯುವ ನಮ್ಮ ಶಾಲೆಗಳು ಒಂದು ಬೆಳಗ್ಗೆ ಅಲ್ಲಿ ಕಳೆದು, ಮರದ ಮೈ ಮುಟ್ಟಿ ಗುರುತಿಸುವುದನ್ನು ಕಲಿಸಿದರೆ ಎಷ್ಟು ಚೆನ್ನ.

ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂತು. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳನ್ನೂ ಅವುಗಳ ಬಳಕೆಯ ಜ್ಞಾನವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಗ್ರಾಮಸಭೆಗೆ ಹೋಗಿ ನಿಮ್ಮ ಪಂಚಾಯಿತಿಯ ಆ ದಾಖಲಾತಿಯನ್ನು ತೋರಿಸಿ ಎಂದು ಕೇಳಿ. ನಿಮ್ಮ ಹಳ್ಳದ ಹೊಳೆಮತ್ತಿಗಳು, ಕೆರೆ ಏರಿಯ ಆಲ ಅರಳಿ ಅತ್ತಿಗಳು ಅದರಲ್ಲಿವೆಯೇ ನೋಡಿ, ಇಲ್ಲದಿದ್ದರೆ ಬರೆಸಿ. ಚಕ್ಕೆ ಕೆತ್ತುವ ಹದ ಬಲ್ಲ ಹಿರಿಯರು ಊರಲ್ಲಿದ್ದರೆ ಅವರನ್ನೂ ಸಭೆಗೆ ಕರೆತನ್ನಿ, ಅವರ ಮಾತನ್ನು ಅವರ ಒಪ್ಪಿಗೆಯಿಂದಲೇ ಬರೆಸಿ. ಕಷಾಯ ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರ ಹತ್ತಿರ ಹೋದಾಗ ಮುಚ್ಚಿಡದೆ ಹೇಳಿ. ಮಾತ್ರೆ ಮಾತ್ರ ಬಿಡಬೇಡಿ.